ಸಾರುವೆ ಹತ್ತದ ಬೆಳಿಗ್ಗೆ

ಎಪ್ಪತ್ತೆಂಟನೇ ಇಸವಿಯಲ್ಲಿ ವಸ್ತಾರೆಯ ಎಸ್ಟೇಟೊಂದರಲ್ಲಿ ಗೋದಾಮು ಕಟ್ಟುವಾಗ, ಕುಸಿಯುತ್ತಿದ್ದ ನಲವತ್ತಡಿ ಬಿದಿರಿನ ಸಾರುವೆಯನ್ನು ನಾನು ಎಡಗೈಯೊಂದರಲ್ಲೇ ಎತ್ತಿ ಹಿಡಿದಿದ್ದೆ. ಬಲಗೈಯಲ್ಲಿ ಬೀಡಿ ಇತ್ತು. ಅದರ ಬೂದಿಯೂ ಉದುರಲಿಲ್ಲ. ಮೇಲಿದ್ದ ಹನ್ನೆರಡು ಜನ ಒಬ್ಬೊಬ್ಬರಾಗಿ ಇಳಿದು, ಕೈಕಾಲು ತೊಳೆಯುವ ತನಕ ಹಾಗೇ ನಿಂತಿದ್ದೆ.

ಐದು ವರ್ಷಗಳಿಂದ ಈ ಕಥೆ ಹೇಳುತ್ತಿದ್ದೇನೆ. ಹೇಳಿದಾಗಲೆಲ್ಲ ಸಾರುವೆ ಒಂದೆರಡು ಅಡಿ ಬೆಳೆಯುತ್ತದೆ. ಕೊನೆಯ ಮಾತು ಮಾತ್ರ ಅದೇ: "ಭೂತಯ್ಯ ಕಟ್ಟಿದ ಗಂಟು ಜಾರ್ತು. ಈ ಮುಸ್ತಫಾ ಮೇಸ್ತ್ರಿ ಇಲ್ದಿದ್ರೆ ಹೆಣ ಬೀಳ್ತಿತ್ತು."

ಹೋದ ವಾರ ಅತ್ತಿಗುಂಡಿಯಲ್ಲಿ ನಾನು ಮೇಸ್ತ್ರಿಯಾಗಿ ಕಟ್ಟಿಸುತ್ತಿರುವ ಬಂಗಲೆಗೆ ಅದೇ ಭೂತಯ್ಯ ಕೆಲಸ ಕೇಳಿಕೊಂಡು ಬಂದ. ಗಾರೆ ಕೆಲಸದ ಇಲಿಯಾಸ್ ಕರಣೆ ಕೆಳಗಿಟ್ಟ.

"ಬೇಡ ಮಾರಾಯ. ಇವ್ನು ಕಟ್ಟಿದ ಸಾರುವೆ ನಾವ್ಯಾರೂ ಹತ್ತಲ್ಲ. ಎಲ್ಲಿ ಹೋದ್ರೂ ಇವ್ನಿಗೆ ಇದೇ ಉತ್ತರ."

ಭೂತಯ್ಯ ಹಗ್ಗದ ಸುರುಳಿಯನ್ನು ಹೆಗಲಿಗೇರಿಸಿಕೊಂಡು ಹೊರಟ. ನಾನೋ, ಎದೆ ಉಬ್ಬಿಸಿ ನನ್ನ ಕಥೆ ಶುರು ಮಾಡಿದೆ. ತುಂಗಮ್ಮ ತಲೆಯ ಮೇಲಿನ ಗಾರೆ ಬಾಣಲಿ ಇಳಿಸಿದಳು. ಅವತ್ತು ಸಾರುವೆಯಿಂದ ಬಿದ್ದವಳು ಅವಳೇ. ಅಂದಿನಿಂದ ಎಡಗಾಲು ಎಳೆದುಕೊಂಡೇ ನಡೆಯುತ್ತಾಳೆ.

"ಮೇಸ್ತ್ರಿಗಳೇ, ಅವತ್ತು ಬೆಳಿಗ್ಗೆ ನೀವು ಹತ್ತಿದ್ರಾ?"

ಕಟ್ಟಳೆ ನನ್ನದೇ. ಮಳೆಯಲ್ಲಿ ನೆಂದ ಹಗ್ಗ ಒಣಗುತ್ತ ಸಡಿಲವಾಗುತ್ತದೆ. ಆದ್ದರಿಂದ ದಿನಾ ಬೆಳಿಗ್ಗೆ ಕಟ್ಟಿದವನೇ ಗಂಟುಗಳನ್ನೆಲ್ಲ ಬಿಗಿಯಬೇಕು. ಆಮೇಲೆ ಮೇಸ್ತ್ರಿ ಮೊದಲು ಹತ್ತಿ ಒಂದೊಂದು ಹಲಗೆಯನ್ನೂ ತುಳಿದು ನೋಡಬೇಕು. ಅಲ್ಲಿಯವರೆಗೆ ಆಳುಗಳು ಕಾಲಿಡುವಂತಿಲ್ಲ.

"ಹತ್ತದೇ ಏನು? ಮೂರು ಸಲ ಹತ್ತಿದ್ದೆ," ಎಂದೆ.

"ಹೌದಾ? ಗಂಟು ಬಿಗೀಬೇಕು, ಸ್ವಲ್ಪ ತಡೀರಿ ಅಂತ ಭೂತಯ್ಯ ಅಂದಾಗ ನೀವೇನಂದ್ರಿ? ನಾನು ಪಕ್ಕದಲ್ಲೇ ಗಾರೆ ಕಲಸ್ತಿದ್ದೆ. ನೀವು ಕೆಲ್ಸ ಕೊಡ್ತಿದ್ರಿ ಅಂತ ಇಷ್ಟು ವರ್ಷ ಬಾಯಿ ಮುಚ್ಚಿಕೊಂಡಿದ್ದೆ. ಅವ್ನ ಹೊಟ್ಟೆ ಮೇಲೂ ಹೊಡೀತೀರಾ?"

ಗೇಟಿನ ಹತ್ತಿರ ಭೂತಯ್ಯ ನಿಂತ. ಹಿಂದಿರುಗಿ ನೋಡಲಿಲ್ಲ. ನನಗೆ ಇನ್ನೊಂದು ಸುಳ್ಳು ಹುಡುಕಲು ಎಷ್ಟು ಹೊತ್ತು? ನಾಲಿಗೆಯ ತುದಿಗೇ ಬಂದಿತ್ತು. ಆದರೆ ಎಲ್ಲರೂ ತುಂಗಮ್ಮನ ಕಾಲನ್ನೇ ನೋಡುತ್ತಿದ್ದರು. ನಾನೂ ನೋಡಿದೆ.

"ಹತ್ತಲಿಲ್ಲ," ಎಂದೆ. "ಕಲಸಿದ ಗಾರೆ ಗಟ್ಟಿ ಆಗ್ತದೆ, ನಿನ್ನ ಹೆದರಿಕೆ ಸಾಕು, ಇಳಿ ಅಂತ ಭೂತಯ್ಯನ್ನ ಗದರಿಸಿದೆ. ತುಂಗಮ್ಮನ್ನ ಮೇಲೆ ಕಳಿಸಿದ್ದು ನಾನೇ. ಸಾರುವೆ ಎರಡಾಳು ಎತ್ತರ ಇತ್ತು, ಅಷ್ಟೇ. ಬೀಳುವಾಗ ನಾನು ಹತ್ರಾನೂ ಇರ್ಲಿಲ್ಲ, ಎಸ್ಟೇಟ್ ಸಾಹುಕಾರ್ರ ಜಗಲೀಲಿ ಹರಟೆ ಹೊಡೀತಿದ್ದೆ. ತಪ್ಪು ಭೂತಯ್ಯಂದಲ್ಲ, ನಂದು."