ಪರದೆಯ ಹಿಂದಿನ ಕೈ

ಖಾಸಬಾಗದಿಂದ ನಸುಕಿನಲ್ಲಿ ಹೊರಟ ಕರೆಪ್ಪನ ಬಂಡಿ ಖಾನಾಪುರದ ಹೊಳೆದಂಡೆ ಮುಟ್ಟಿದಾಗ ಬಿಸಿಲು ಇಳಿದಿತ್ತು. ಹಿಂದಿನ ವರ್ಷ ಬೆಳಗಾವಿಯಲ್ಲಿ ಕಾಂಗ್ರೆಸ್ಸಿನ ಅಧಿವೇಶನ ನಡೆದಾಗ ಮಂಟಪಕ್ಕೆ ಬಿದಿರು ಹೊತ್ತ ಬಂಡಿ ಅದು. ಈ ಸಲ ಅವನನ್ನೂ ಅವನ ತಾಯಿ, ಹೆಂಡತಿಯನ್ನೂ ಹೊತ್ತು ಹೆಣ್ಣು ತರಲು ಹೊರಟಿತ್ತು. ಕರೆಪ್ಪನ ಹೆಂಡತಿ ಮಾಯವ್ವನ ತವರು ಕಣಕುಂಬಿಯಲ್ಲಿ. ಅಲ್ಲಿಂದ ಅವಳ ತಂಗಿ ಕಾಶವ್ವನನ್ನು ತಂದು ಕರೆಪ್ಪನಿಗೇ ಎರಡನೆಯವಳಾಗಿ ಕಟ್ಟುವುದೆಂದು ಮಾತಾಗಿತ್ತು.

ಮಾಯವ್ವನಿಗೆ ಬಸಿರು ನಿಲ್ಲುತ್ತಿರಲಿಲ್ಲ. ಯಾಕೆ ನಿಲ್ಲುತ್ತಿರಲಿಲ್ಲ ಎಂಬುದು ಕರೆಪ್ಪನ ಕಾಲಿಗೆ ಗೊತ್ತಿತ್ತು. ಹೊರಗಿನ ಹೆಣ್ಣು ಬಂದರೆ ಮನೆ ಒಡೆಯುತ್ತದೆ, ಒಡಹುಟ್ಟಿದವಳಾದರೆ ಹೊಂದಿಕೊಂಡು ಹೋಗುತ್ತಾಳೆ ಎಂದು ಎರಡೂ ಕಡೆಯ ಹಿರಿಯರು ಎಲೆಅಡಿಕೆ ಹಿಡಿದಿದ್ದರು. ಕಾಶವ್ವನಿಗೆ ಇನ್ನೂ ಹದಿಮೂರು.

ಹೊಡೆಯುವುದರಲ್ಲಿ ಕರೆಪ್ಪನಿಗೆ ಒಂದು ಪದ್ಧತಿ ಇತ್ತು. ಮೊದಲು ಹೆಂಡತಿಯ ಬಲಗೈ ಮಣಿಕಟ್ಟು ಹಿಡಿದು ಬೆನ್ನ ಹಿಂದಕ್ಕೆ ತಿರುಚುತ್ತಿದ್ದ. ಬಲಗೈ ಸಿಕ್ಕಿತೆಂದರೆ ಹೆಂಗಸು ಸಿಕ್ಕಂತೆ. ಮುಂದಿನದೆಲ್ಲ ಅವನು ಅವಸರವಿಲ್ಲದೆ ಮಾಡುತ್ತಿದ್ದ. ಅವಳ ಎಡಗೈ ಬಾಜೂಕ್ಕೆ ಸುಮ್ಮನೆ ಜೋತಾಡುತ್ತಿತ್ತು. ಅದೂ ಒಂದು ಕೈ ಎಂದು ಅವನಿಗಾಗಲಿ ಅವಳಿಗಾಗಲಿ ಎಂದೂ ಹೊಳೆದಿರಲಿಲ್ಲ. ಹುಟ್ಟಿದ್ದು ಅವಳು ಎಡಚಿಯಾಗಿಯೇ. ರೊಟ್ಟಿ ಮುರಿಯಲು ಎಡಗೈ ಚಾಚಿದಾಗಲೆಲ್ಲ ತಾಯಿ ಕಾದ ಸೌಟು ಇಡುತ್ತಿದ್ದಳು. ಅಂಗೈಯಲ್ಲಿ ಆ ಕಲೆಗಳು ಉಳಿದಿದ್ದವು, ಕೈ ಮಾತ್ರ ತೊಳೆಯುವ ಕೆಲಸಕ್ಕೆ ಇಳಿದಿತ್ತು.

ಸಂತೆ ಬಯಲಿನಲ್ಲಿ ಬಯಸ್ಕೋಪಿನ ಡೇರೆ ಬಿದ್ದಿತ್ತು. ಕರೆಪ್ಪನಿಗೆ ಕುಡಿಯಲು ಸೆರೆ ಅಂಗಡಿಯ ಕಡೆ ಹೋಗಬೇಕಿತ್ತು.

“ಅವ್ವಾ, ಇವಳನ್ನ ಕರಕೊಂಡು ಆಟ ನೋಡಿ ಬಾ” ಎಂದ ತಾಯಿಗೆ. “ಬಂಡಿ ಹತ್ರ ಕುಂತು ಮುಖ ಗಂಟ ಹಾಕ್ಕೊಂಡ್ರ ನನಗ ಮತ್ತ ಸಿಟ್ಟ ಬರ್ತದ.”

ಡೇರೆಯ ನಡುವೆ ಬಿಳಿ ಪರದೆ ಕಟ್ಟಿದ್ದರು. ಮುಂದೆ ಗಂಡಸರು, ಪರದೆಯ ಹಿಂದೆ ಹೆಂಗಸರು. ಹಿಂದಿನವರಿಗೂ ಚಿತ್ರ ಕಾಣಲೆಂದು ಇಬ್ಬರು ಆಳುಗಳು ಕೊಡಗಟ್ಟಲೆ ನೀರು ಎರಚಿ ಪರದೆ ತೋಯಿಸಿದರು. ಬಟ್ಟೆ ತಿಳಿಯಾಯಿತು. ಚಿತ್ರಕ್ಕೆ ದನಿ ಇರಲಿಲ್ಲ. ಕೋಟು ತೊಟ್ಟ ಅವಧೂತ ಎಂಬ ಹುಡುಗ ಪರದೆಯ ಆಚೆ ನಿಂತು, ಮೊದಲು ಕನ್ನಡದಲ್ಲಿ ಆಮೇಲೆ ಮರಾಠಿಯಲ್ಲಿ ಕಥೆ ಹೇಳುತ್ತಿದ್ದ.

ಯಾವುದೋ ದೂರದೇಶದ ರಾಣಿ. ಅವಳ ಗಂಡನನ್ನು ಕೊಂದ ಸೇನಾಪತಿ ಅವಳನ್ನು ಕೋಟೆಯಲ್ಲಿಟ್ಟಿದ್ದಾನೆ. ಬೆಳಗಾದರೆ ಅವನ ಜೊತೆ ಅವಳ ಮದುವೆ.

“ಅಯ್ಯ ಇವಳ, ಸೆರಗಿಲ್ಲ, ಕುಬಸಕ್ಕ ತೋಳಿಲ್ಲ! ಎಂಥಾ ರಾಣಿ ಇವಳು?” ಎಂದಳು ಅತ್ತೆ ಭರಮವ್ವ.

“ಹೋಗಿ ನಿನ್ನ ಸೆರಗು ಹೊಚ್ಚಿ ಬಾರಬೇ ಯಕ್ಕಾ” ಎಂದಳು ಹಿಂದೆ ಕುಳಿತ ಒಬ್ಬಾಕೆ. ಹೆಂಗಸರೆಲ್ಲ ನಕ್ಕರು. ಮಾಯವ್ವ ನಗಲಿಲ್ಲ. ಅವಳು ರಾಣಿಯನ್ನು ನೋಡುತ್ತಿದ್ದಳು. ನಾಳೆ ಅಷ್ಟು ಹತ್ತಿರ ಬಂದು ನಿಂತಿದ್ದರೂ ರಾಣಿ ಹಣ್ಣು ತಿಂದಳು, ಕೂದಲು ಬಿಚ್ಚಿ ಬಾಚಿದಳು, ಕಿಟಕಿಯಲ್ಲಿ ಗಾಳಿಗೆ ಮುಖವೊಡ್ಡಿದಳು. ಸೇನಾಪತಿ ಬಾಗಿಲು ತೆರೆದ. ರಾಣಿಯ ತುಟಿ ಅಲುಗಿತು.

“ರಾಣಿ ಅಂತಾಳ” ಅವಧೂತನ ದನಿ ಏರಿತು. “ನಾಳಿನ ದಿನ ನಿಂದು. ಇವತ್ತಿಂದು ನಂದು! ಉದ್ಯಾಚಾ ದಿವಸ ತುಝಾ, ಆಜಚಾ ಮಾಝಾ!”

ರಾಣಿ ಚೂರಿ ಎತ್ತಿ ಹೊಡೆದಳು.

“ನೋಡು, ನಿನ್ನಂಗ ಎಡಚಿ ಅದಾಳ” ಎಂದು ಭರಮವ್ವ ಸೊಸೆಯ ಪಕ್ಕೆ ತಿವಿದಳು. ಹೌದು, ಚೂರಿ ಎಡಗೈಯಲ್ಲಿತ್ತು. ಅಷ್ಟರಲ್ಲಿ ಡೇರೆಯ ಹೊರಗೆ ಕರೆಪ್ಪ ಊಟಕ್ಕೆಂದು ಒದರಾಡುವುದು ಕೇಳಿ ಅತ್ತೆ ಸೊಸೆ ಎದ್ದು ಬಂದರು. ಮುಂದೇನಾಯಿತೋ ನೋಡಲಾಗಲಿಲ್ಲ.

ಬೆಳಿಗ್ಗೆ ಹೊಳೆದಂಡೆಯಲ್ಲಿ ಕರೆಪ್ಪ ಬಂಡಿಗೆ ಎಣ್ಣೆ ಹಾಕಲು ನಿಂತ. ಕಣಕುಂಬಿಗೆ ಹೋಗುವ ಜಾಂಬೋಟಿಯ ದಾರಿ ಏರು, ಒಣ ಅಚ್ಚು ಸುಡುತ್ತದೆ. ಗಾಲಿ ಕಳಚದಂತೆ ಅಚ್ಚಿನ ತುದಿಗೆ ಸಿಕ್ಕಿಸುವ ಕಬ್ಬಿಣದ ಕಡಾಣಿಯನ್ನು ಕಿತ್ತು, ಮಣ್ಣಾಗಬಾರದೆಂದು ಹೆಂಡತಿಗೆ ಕೊಟ್ಟ. ಅವಳ ಬಲಗೈಯಲ್ಲಿ ಎಣ್ಣೆ ಬುಡ್ಡಿ ಇತ್ತು. ಕಡಾಣಿಯನ್ನು ಎಡಗೈಯಲ್ಲಿ ಹಿಡಿದಳು. ಗೇಣುದ್ದದ ತಣ್ಣನೆಯ ಕಬ್ಬಿಣ, ಭಾರವಿತ್ತು.

ಅವನು ಅಚ್ಚಿಗೆ ಎಣ್ಣೆ ಸವರಿ ಗಾಲಿಯನ್ನು ಮತ್ತೆ ತಳ್ಳಿ, ಬಂಡಿಗೆ ಆಸರೆ ಕೊಟ್ಟ ಕಲ್ಲು ಉರುಳಿಸಿದ. ಬಂಡಿಯಲ್ಲಿ ಬೀಗರ ಮನೆಗೆಂದು ಹೇರಿದ ಜೋಳದ ಚೀಲಗಳಿದ್ದವು.

“ಹೊಳ್ಳಿ ಹೋಗೂಣು” ಎಂದಳು ಮಾಯವ್ವ.

“ಏನಂದಿ?”

“ಕಾಶವ್ವ ಬ್ಯಾಡ. ಮತ್ಯಾರನ್ನರ ತರ್ರಿ. ಬೇಕಂದ್ರ ನನ್ನ ಬಿಡ್ರಿ. ಅಕಿ ಸಣ್ಣಾಕಿ.”

ಕರೆಪ್ಪ ನಕ್ಕ. ಬಾಯಿಂದ ಸೆರೆಯ ನಾತ ಇನ್ನೂ ಹೋಗಿರಲಿಲ್ಲ. “ಬಾಯಿ ಬಂತಲ್ಲ ನಿನಗ! ಅವ್ವಾ, ಕೇಳಿದ್ಯಾ ನಿನ್ನ ಸೊಸಿ ಮಾತು?” ಎಂದು ನೀರಿನಂಚಿನಲ್ಲಿ ಮುಖ ತೊಳೆಯುತ್ತಿದ್ದ ತಾಯಿಗೆ ಕೂಗಿದ. “ನಾಳಿ ಇಷ್ಟೊತ್ತಿಗೆ ನಿನ್ನ ತಂಗಿ ಇದ ಬಂಡ್ಯಾಗ ನನ್ನ ಬಾಜೂಕ ಕುಂತಿರತಾಳ. ನೀ ಹಿಂದ ನಡಕೋತ ಬಾ.”

ಹೇಳುತ್ತಲೇ ಅವಳ ಬಲ ಮಣಿಕಟ್ಟು ಹಿಡಿದ. ಎಣ್ಣೆ ಬುಡ್ಡಿ ಬಿತ್ತು. ತಿರುಚಿದ. ಇನ್ನೂ ತಿರುಚಿದ. ಒಳಗೆ ಹಸಿ ಕಟ್ಟಿಗೆ ಮುರಿದಂತೆ ಲಟಕ್ಕೆಂದಿತು. ನೋವು ಬರುವ ಮೊದಲಿನ ಒಂದು ಬಿಳಿ ಗಳಿಗೆಯಲ್ಲಿ ಅವಳಿಗೆ ತನ್ನ ಇನ್ನೊಂದು ಕೈ ನೆನಪಾಯಿತು.

ಕಡಾಣಿ ಅವನ ಕಪಾಳದ ಮೇಲೆ ಬಿತ್ತು.

ಕರೆಪ್ಪ ಬೀಳಲಿಲ್ಲ. ಅವಳ ಬಲಗೈ ಬಿಟ್ಟು, ಕಬ್ಬಿಣ ಹಿಡಿದ ಕೈಯನ್ನು ನೋಡಿದ. ಕಿವಿಯಿಂದ ರಕ್ತ ಅಂಗಿಗೆ ಇಳಿಯುತ್ತಿತ್ತು. ಅವನ ಮುಖದಲ್ಲಿ ನೋವಿಗಿಂತ ಅವಮಾನ ಹೆಚ್ಚಾಗಿತ್ತು.

“ಎಡಗೈಲೆ?” ಎಂದ. “ನನಗ ಎಡಗೈಲೆ ಹೊಡೀತಿ?”

ಎರಡನೆಯ ಸಲ ಹಣೆಯ ಮೇಲೆ ಹೊಡೆದಳು. ಎಲುಬು ಒಳಕ್ಕೆ ಹೋದದ್ದು ಅಂಗೈಗೆ ತಿಳಿಯಿತು. ಕುಸಿಯುವಾಗ ಅವನು ಗಾಲಿಯನ್ನು ತಬ್ಬಿಕೊಂಡ. ಕಡಾಣಿ ಇಲ್ಲದ ಗಾಲಿ ಅವನ ಭಾರಕ್ಕೆ ಅಚ್ಚಿನಿಂದ ಜಾರಿ ಬಂತು. ಬಂಡಿ ಓರೆಯಾಗಿ, ಚೀಲಗಳ ಸಮೇತ ಅವನ ಎದೆಯ ಮೇಲೆ ಕುಳಿತಿತು. ಬಾಯಿಂದ ಕೆಂಪು ನೊರೆ ಬಂತು. ಅವನ ಕಾಲುಗಳು ಸ್ವಲ್ಪ ಹೊತ್ತು ಮಣ್ಣು ಒದ್ದವು. ಆ ಕಾಲುಗಳು ನಿಲ್ಲುವವರೆಗೂ ಮಾಯವ್ವ ಅವನ್ನೇ ನೋಡುತ್ತ ನಿಂತಿದ್ದಳು.

“ಕೊಂದ್ಲೋ! ನನ್ನ ಮಗನ್ನ ಕೊಂದ್ಲೋ!” ಭರಮವ್ವ ಬಾಯಿ ಬಡಿದುಕೊಂಡು ಓಡಿಬಂದು ಸೊಸೆಯ ಕೂದಲು ಹಿಡಿದು ಎಳೆದಳು, ಮುಖ ಪರಚಿದಳು. ಪರದೆಗೆ ನೀರು ಒಯ್ಯಲು ಬಂದಿದ್ದ ಡೇರೆಯ ಆಳುಗಳು ಬಿಡಿಸಿದರು. ಅವರ ಜೊತೆ ಅವಧೂತನೂ ಇದ್ದ. ಹೆಣ ನೋಡಿ ದಂಡೆಯಲ್ಲಿ ಕೂತು ವಾಂತಿ ಮಾಡಿದ.

ಠಾಣೆಯಲ್ಲಿ ಹವಾಲ್ದಾರ ಗುರುಸಿದ್ದ ಕೇಳಿದ, “ಯಾರು ಕಲಿಸಿದ್ರು ನಿನಗ?”

“ರಾಣಿನ ನೋಡಿದ್ನಿರೀ. ಎಡಗೈಲೆ ಹೊಡದ್ಲು.”

“ಸುಳ್ಳ ಹೇಳಬ್ಯಾಡ. ಮುಂದ ಕುಂತು ನಾನೂ ಆಟ ನೋಡೀನಿ. ಬಲಗೈಲೆ ಹೊಡದ್ಲು.”

ಸಾಕ್ಷಿ ಹೇಳಲು ಬಂದಿದ್ದ ಅವಧೂತ ತಲೆ ಎತ್ತಲಿಲ್ಲ. “ಇಬ್ಬರದೂ ಖರೇ ಅದರೀ, ಸಾಹೇಬ್ರ. ಪರದೆ ಹಿಂದ ಕುಂತವರಿಗೆ ಎಲ್ಲಾ ಉಲ್ಟಾ ಕಾಣತದ. ಬಲ ಎಡ ಆಗತದ.”

ಮಾಯವ್ವ ಅವನ ದನಿ ಗುರುತಿಸಿದಳು. “ಮುಂದ ರಾಣಿ ಏನ್ ಮಾಡಿದ್ಲರೀ, ಅಪ್ಪಾ?”

ಅವಧೂತ ಕೋಟಿನ ಗುಂಡಿ ತಿರುವುತ್ತ ಹೇಳಿದ. “ಮುಂದಿನ ಸುರುಳಿ ನಮ್ಮ ಹತ್ರ ಇಲ್ಲವ್ವಾ. ಮೊದಲಿಂದನೂ ಇಲ್ಲ. ನಾನ ಬಾಯಿಗೆ ಬಂದದ್ದು ಹೇಳಿ ಮುಗಸ್ತೀನಿ.”

“ಹಂಗಾದ್ರ ಹೇಳ್ರಿ.”

ಅವನು ಕೋಟಿನ ಗುಂಡಿ ಹಾಕಿಕೊಂಡು ಹೊರಗೆ ನಡೆದ.

ಮರುದಿನ ಮಾಯವ್ವನ ತಂದೆ ಕಣಕುಂಬಿಯಿಂದ ಬಂದ. ಮಗಳ ಮುಖ ನೋಡಲಾರದೆ ಠಾಣೆಯ ಅಂಗಳದಲ್ಲೇ ನಿಂತ. ಕಾಶವ್ವ ಒಬ್ಬಳೇ ಒಳಗೆ ಬಂದಳು, ಕೈಯಲ್ಲಿ ರೊಟ್ಟಿಯ ಗಂಟು. ಮದುವೆಗೆಂದು ಹಚ್ಚಿದ ಅರಿಸಿನ ಅವಳ ಕೆನ್ನೆಯಲ್ಲಿ ಇನ್ನೂ ಇತ್ತು. ತೊಳೆಯಬೇಕೋ ಬೇಡವೋ ಯಾರೂ ಹೇಳಿರಲಿಲ್ಲ. ಸರಳಿನ ಆಚೆ ಅಕ್ಕನ ಬಲಗೈ ಬಿದಿರಿನ ದಬ್ಬೆ ಕಟ್ಟಿಸಿಕೊಂಡು ಊದಿ ಬಿದ್ದಿತ್ತು.

“ಉಣಸ್ಲೇನ ಯಕ್ಕಾ?”

“ಬ್ಯಾಡ. ಇಲ್ಲಿ ಕೊಡು.”

ಮಾಯವ್ವ ಎಡಗೈ ಚಾಚಿದಳು. ಕಾಶವ್ವ ಒಮ್ಮೆ ಹೊರಗೆ ಅಪ್ಪನ ಕಡೆ ನೋಡಿದಳು. ಆಮೇಲೆ ಆ ಸುಟ್ಟ ಕಲೆಗಳ ಮೇಲೆ ರೊಟ್ಟಿ ಇಟ್ಟಳು.