ಮೂರು ಮಿಲಿಮೀಟರ್ ಒಳಗೆ

ಗೌರೀಶನಿಗೆ ದೊಡ್ಡವರನ್ನು ಪ್ರಶ್ನೆ ಕೇಳುವ ಅಭ್ಯಾಸವಿರಲಿಲ್ಲ.

ಧಾರವಾಡದಿಂದ ಮೆಲ್ಬರ್ನ್‌ಗೆ ಓದಲು ಬಂದವನು ಈಗ ಡ್ಯಾಂಡಿನಾಂಗ್‌ನ ಒಂದು ಮರಗೆಲಸದ ಶೆಡ್‌ನಲ್ಲಿ ಪ್ರೊಬೇಷನ್ ಮೇಲಿದ್ದ. ಶುಕ್ರವಾರ ಅದು ಮುಗಿಯುತ್ತಿತ್ತು. ಕೆಲಸ ಖಾಯಂ ಮಾಡುವ ಕಾಗದಕ್ಕೆ ಸಹಿ ಹಾಕಬೇಕಾದವನು ಮುಖ್ಯ ಬಡಗಿ ಡೆರೆಕ್. ಎಪ್ಪತ್ತೊಂದು ವರ್ಷ, ಕೈ ಸ್ವಲ್ಪ ನಡುಗುತ್ತಿತ್ತು.

ಶೆಡ್‌ನ ತುಂಬ ಬಿದ್ದಿದ್ದದ್ದು ಇಂಗ್ಲೆಂಡಿನ ಒಬ್ಬ ರೈತನ ಮನೆ. ನಾನೂರು ವರ್ಷದ ಓಕ್ ಕಂಬ, ತೊಲೆ, ಜಂತಿಗಳನ್ನು ಬಿಚ್ಚಿ ಕಂಟೇನರಿನಲ್ಲಿ ತಂದಿದ್ದರು. ಸಿಡ್ನಿಯ ಹೊರಗೆ ಮತ್ತೆ ನಿಲ್ಲಿಸಬೇಕು. ಇಂಥ ಮನೆಯಲ್ಲಿ ಭಾರ ಹೊರುವುದು ಮರದ ಚೌಕಟ್ಟು. ಗೋಡೆ ಎಂದರೆ ನಡುವೆ ಹೆಣೆದ ಕಡ್ಡಿಗೆ ಮೆತ್ತಿದ ಮಣ್ಣು, ಸಗಣಿ, ಹುಲ್ಲು. ಚೌಕಟ್ಟಿಗೆ ಮೊಳೆ ಒಂದೂ ಇಲ್ಲ. ತೊಲೆಯ ತುದಿಯ ನಾಲಿಗೆ ಕಂಬದ ಗೂಡಿಗೆ ಹೋಗುತ್ತದೆ, ಎರಡನ್ನೂ ಸೇರಿಸಿ ಅಡ್ಡಲಾಗಿ ಒಂದು ಮರದ ಗೂಟ.

ಕೊಳೆತ ಎಂಟು ತುದಿಗಳಿಗೆ ಡೆರೆಕ್ ಹೊಸ ಓಕ್ ಜೋಡಿಸಿ ತೂತು ಕೊರೆದಿದ್ದ. ಸೋಮವಾರ ಗೌರೀಶ ಅಳೆದು ನೋಡಿದ. ನಾಲಿಗೆಯ ತೂತು ಕಂಬದ ತೂತಿಗಿಂತ ಮೂರು ಮಿಲಿಮೀಟರ್ ಒಳಗಿತ್ತು. ಮುದುಕನ ಕೈ ತಪ್ಪಿದೆ ಎಂದುಕೊಂಡ. ಹಿರಿಯರ ತಪ್ಪನ್ನು ಮುಖಕ್ಕೆ ಹೇಳುವ ಮನೆಯಲ್ಲಿ ಅವನು ಬೆಳೆದಿರಲಿಲ್ಲ. ಸದ್ದಿಲ್ಲದೆ ಸರಿಮಾಡಿಬಿಡುವುದೇ ಮರ್ಯಾದೆ. ಡೆರೆಕ್ ಊಟಕ್ಕೆ ಹೋದಾಗ ಏಳು ತೂತುಗಳನ್ನು ದೊಡ್ಡದು ಮಾಡಿ ನೇರಕ್ಕೆ ತಂದ. ಏಳನೆಯದರಲ್ಲಿ ಡ್ರಿಲ್ ಜಾರಿ ಹಳೆಯ ಕಂಬವನ್ನೂ ಕೊರೆಯಿತು. ಅಷ್ಟರಲ್ಲಿ ಡೆರೆಕ್ ಬಂದ, ಎಂಟನೆಯದು ಹಾಗೇ ಉಳಿಯಿತು.

ಗುರುವಾರ ಡೆರೆಕ್ ಪರೀಕ್ಷೆಗೆಂದು ಎಂಟನೆಯದಕ್ಕೆ ಗೂಟ ಹೊಡೆದು ತೋರಿಸಿದ. ಗೂಟ ಬಾಗಿಕೊಂಡು ಒಳಗೆ ಹೋಯಿತು, ತೊಲೆ ಕಿರ್ರೆಂದು ಕಂಬಕ್ಕೆ ಬಿಗಿಯಿತು.

"ತೂತು ನೇರ ಇದ್ದರೆ ಗೂಟ ಸುಮ್ಮನೆ ಇರುತ್ತದೆ. ಸರಿದಿದ್ದರೆ ತೊಲೆಯನ್ನು ಎಳೆಯುತ್ತದೆ. ಅದಕ್ಕೇ ಮೂರು ಮಿಲಿಮೀಟರ್," ಎಂದ.

ಟ್ರಕ್ ಲೋಡಿಂಗ್ ನೋಡಿಕೊಳ್ಳುತ್ತಿದ್ದ ಬೆಂಗಳೂರಿನ ಬದರಿನಾಥನಿಗೆ ಗೌರೀಶ ತಾನು ಏಳು ತೂತು ಕೆಡಿಸಿದ್ದನ್ನೆಲ್ಲ ಹೇಳಿಕೊಂಡ.

"ಬಾಯಿ ಮುಚ್ಕೊಂಡಿರು ಗುರು. ನಾಳೆ ಸೈನ್ ಆಗತ್ತೆ, ಟ್ರಕ್ ಹೋಗತ್ತೆ. ಆಮೇಲೆ ಲೂಸ್ ಆದ್ರೆ ಓಕ್ ಒಣಗಿದೆ ಅಂತಾರೆ."

"ಅದರೊಳಗ ಮಂದಿ ಮಲಗತಾರ, ಬದರಿಯಣ್ಣ."

"ಹೇಳಿದ್ರೆ ನೀನೂ ಮಲಗಿರ್ತೀಯ. ವಿಂಡಮ್ ವೇಲ್‌ನ ನಿನ್ನ ರೂಮ್‌ನಲ್ಲಿ, ಕೆಲಸ ಇಲ್ದೆ."

ಗೌರೀಶ ಹೋಗಿ ಹೇಳಿದ. ಡೆರೆಕ್ ಒಂದೊಂದು ತೂತಿಗೂ ಬೆರಳು ಹಾಕಿ ನೋಡಿದ.

"ನನ್ನನ್ನು ಯಾಕೆ ಕೇಳಲಿಲ್ಲ?"

"ನಿಮಗೆ ವಯಸ್ಸಾಗಿದೆ. ಬೇಜಾರಾಗಬಾರದು ಅಂತ."

ಡೆರೆಕ್ ಬೆರಳಿಗಂಟಿದ ಹೊಟ್ಟು ಒರೆಸಿಕೊಂಡ. "ನಲವತ್ತು ವರ್ಷದಲ್ಲಿ ನನ್ನ ಹೆಂಡತಿ ಕೂಡ ಇಷ್ಟು ಮರ್ಯಾದೆ ಕೊಟ್ಟಿಲ್ಲ," ಎಂದ. ಟ್ರಕ್ಕನ್ನು ನಿಲ್ಲಿಸಿದ. ಏಳು ತುದಿಗಳನ್ನೂ ಗೌರೀಶನ ಕೈಯಲ್ಲೇ ಹೊಸದಾಗಿ ಮಾಡಿಸಿದ. ನಾಲ್ಕು ದಿನ ತಡವಾಗಿ, ಏಳನೆಯದು ಮುಗಿದ ಮೇಲೆ ಕಾಗದಕ್ಕೆ ಸಹಿ ಹಾಕಿದ.

ಮುಂದಿನ ತಿಂಗಳು ಸಿಡ್ನಿಯಲ್ಲಿ ಚೌಕಟ್ಟು ಎದ್ದಿತು. ಅಲ್ಲಿನ ದಿ ಪಾಂಡ್ಸ್ ಬಡಾವಣೆಯಲ್ಲಿ ಗುರುತಿನವರ ಮನೆಯಲ್ಲಿ ಉಳಿದುಕೊಂಡು ಗೌರೀಶ ದಿನವೂ ಹೋಗಿಬರುತ್ತಿದ್ದ. ಕೊನೆಯ ಗೂಟದ ತೂತನ್ನು ಡೆರೆಕ್ ಅಲ್ಲೇ ಕೊರೆದಿದ್ದ; ಹೊಡೆಯುವ ಮುಂಚೆ ಗೌರೀಶ ಅಳೆದ.

"ಇದು ನಾಲ್ಕು ಮಿಲಿಮೀಟರ್ ಇದೆ. ಬೇಕೆಂತಲೇ?"

"ಇಲ್ಲ," ಎಂದ ಡೆರೆಕ್. "ಅಲ್ಲಿ ಕೈ ನಡುಗಿತು. ಹೊಡಿ, ತಡೆಯುತ್ತದೆ."

ಹೊಡೆದ. ಕಂಬಕ್ಕೆ ಭುಜ ಕೊಟ್ಟು ನೂಕಿದ. ಅಲುಗಲಿಲ್ಲ. ಅದರ ನೆರಳಲ್ಲೇ ಕೂತು ಊಟದ ಡಬ್ಬಿ ಬಿಚ್ಚಿದ.

ಕೇಳದೆ ಹೋದದ್ದಕ್ಕೆ ಹಾಳಾದದ್ದು ಏಳು ಓಕ್ ತುದಿ, ನಾಲ್ಕು ದಿನ, ಹಳೆಯ ಕಂಬದಲ್ಲಿ ಅರ್ಧ ಬೆರಳಿನಷ್ಟು ಮರ.