ಬಿಳಿ ಚೀಟಿಯ ಕುಂಡಗಳು

"ಅಂಕಲ್, ಬಿಳಿ ಚೀಟಿಯ ಕುಂಡಗಳಿಗೆ ಬರೀ ನೀರು ತಾನೆ ಹಾಕಿದ್ದು?"

ಆಸ್ಪತ್ರೆಯ ವರಾಂಡದಲ್ಲಿ ಮಗಳ ಗೆಳತಿ ಹೀಗೆ ಕೇಳಿದಾಗ ಅಪ್ಪ ಹೂಂ ಅನ್ನಲಿಲ್ಲ. ಅವಳ ಕೈಯಲ್ಲಿ ಪ್ರಯೋಗಾಲಯದ ಹಾಳೆಯಿತ್ತು. ಸುಳ್ಳು ಹೇಳಿ ಅಭ್ಯಾಸವಿಲ್ಲದ ಮನುಷ್ಯ; ಕನ್ನಡಕ ತೆಗೆದು ಒರೆಸತೊಡಗಿದ.

ಮಗಳು ನಾಲ್ಕು ವರ್ಷದಿಂದ ಒಂದೇ ಪ್ರಶ್ನೆಯ ಬೆನ್ನು ಹತ್ತಿದ್ದಳು. ಮಣ್ಣಿನ ಒಳ್ಳೆಯ ಬ್ಯಾಕ್ಟೀರಿಯ ಹತ್ತಿರ ಬಂದಾಗ ಗೋಧಿಯ ಬೇರಿನೊಳಗೆ ಯಾವ ಯಾವ ಜೀನುಗಳು ಎಚ್ಚರಗೊಳ್ಳುತ್ತವೆ? ಅದಕ್ಕೆಂದೇ ಗಾಜಿನ ಮನೆಯಲ್ಲಿ ಇಪ್ಪತ್ತು ಕುಂಡಗಳನ್ನಿಟ್ಟಿದ್ದಳು. ನೀಲಿ ಚೀಟಿಯ ಹತ್ತಕ್ಕೆ ವಾರಕ್ಕೊಮ್ಮೆ ಬ್ಯಾಕ್ಟೀರಿಯ ಕಲಸಿದ ನೀರು, ಬಿಳಿ ಚೀಟಿಯ ಹತ್ತಕ್ಕೆ ಬರೀ ನೀರು. ಎರಡನ್ನೂ ಹೋಲಿಸಿದರೆ ಉತ್ತರ. ಅಷ್ಟರಲ್ಲಿ ಅವಳೇ ಹಾಸಿಗೆ ಹಿಡಿದಳು. ಜೊತೆಗೆ ಕೆಲಸ ಮಾಡುವ ಗೆಳತಿ ಊರಲ್ಲಿರಲಿಲ್ಲ. ಬೇರೆಯವರನ್ನು ನಂಬದೆ ಅಪ್ಪನ ಕೈಗೆ ಬೀಗದ ಕೈ ಕೊಟ್ಟಳು. ಅಪ್ಪನೋ, ಇಬ್ಬರು ಮಕ್ಕಳಿಗೆ ಒಂದು ಬಿಸ್ಕತ್ತನ್ನೂ ಸಮ ನೋಡಿ ಮುರಿದು ಕೊಟ್ಟು ಬೆಳೆಸಿದವನು.

ನೀಲಿಯವು ದಷ್ಟಪುಷ್ಟವಾಗಿ ಎದ್ದವು. ಬಿಳಿಯವು ಸೊರಗಿ, ತುದಿ ಹಳದಿಯಾಗಿ ಕೂತವು. ಎರಡನೆಯ ವಾರ ಅವನಿಗೆ ತಡೆಯಲಾಗಲಿಲ್ಲ. ಬ್ಯಾಕ್ಟೀರಿಯ ಕಲಸಿದ ಅದೇ ನೀರನ್ನು ಅವಕ್ಕೂ ಒಂದೊಂದು ಲೋಟ ಕುಡಿಸಿದ. ಅವು ಚೇತರಿಸಿಕೊಂಡದ್ದನ್ನು ಕಂಡ ದಿನ ಮನೆಗೆ ಬಂದು ಹೊಟ್ಟೆ ತುಂಬ ಉಂಡ.

ಗೆಳತಿ ವಾಪಸು ಬಂದು, ಬೇರು ಕಿತ್ತು, ಆ ಕ್ಷಣವೇ ಹೆಪ್ಪುಗಟ್ಟಿಸಿ ಪರೀಕ್ಷಿಸಿದ್ದಳು. ಇಪ್ಪತ್ತರಲ್ಲೂ ಅವೇ ಜೀನುಗಳು ಎಚ್ಚೆತ್ತಿದ್ದವು. ಹೋಲಿಸಲು ಏನೂ ಉಳಿದಿರಲಿಲ್ಲ. ಮತ್ತೆ ಬಿತ್ತಿ ಬೆಳೆಸಲು ಎರಡು ತಿಂಗಳು ಬೇಕು. ಮಗಳಿಗೆ ಉಳಿದಿದೆ ಎಂದು ಡಾಕ್ಟರು ಹೇಳಿದ್ದು ಎರಡೇ ವಾರ. ಫಲಿತಾಂಶ ಚೆನ್ನಾಗಿ ಬಂದಿದೆ ಅಂತ ಅವಳಿಗೆ ಹೇಳಿಬಿಡೋಣ ಎಂದು ಗೆಳತಿ ಕಣ್ಣೊರೆಸಿಕೊಂಡಳು.

ಆದರೆ ಇಬ್ಬರೂ ಒಳಗೆ ಹೋದಾಗ ಮಗಳು ಹಾಳೆಯನ್ನೇ ಕೇಳಿದಳು. ಅಂಥವಳ ಹತ್ತಿರ ಏನು ಮುಚ್ಚಿಡುವುದು? ಅವಳ ಬೆರಳು ಸಾಲಿನಿಂದ ಸಾಲಿಗೆ ಇಳಿದು, ಬಿಳಿ ಕುಂಡಗಳ ಸಾಲಿಗೆ ಬಂದು ನಿಂತಿತು. ಗೆಳತಿಯನ್ನು ನೆಪ ಹೇಳಿ ಹೊರಗೆ ಕಳಿಸಿದಳು.

"ಅಪ್ಪ, ಬಿಳಿಯವಕ್ಕೂ ಕೊಟ್ಯಾ?"

"ಒಣಗಿ ಹೋಗ್ತಾವೇನೋ ಅನ್ನಿಸ್ತು ಕಣಮ್ಮ. ಕಣ್ಣೆದುರಿಗೆ ಹಾಗೆ ಬಿಟ್ಟು ಬರೋಕಾಗ್ಲಿಲ್ಲ."

ಅವಳು ಗೋಡೆಯ ಕಡೆ ತಿರುಗಿ ಅತ್ತಳು. ಕಾಯಿಲೆ ಗೊತ್ತಾದ ದಿನವೂ ಹೀಗೆ ಅತ್ತಿರಲಿಲ್ಲ. ಅಪ್ಪ ಬೆನ್ನು ಸವರಲೆಂದು ಚಾಚಿದ ಕೈಯನ್ನು ಹಿಂದಕ್ಕೆಳೆದುಕೊಂಡ.

ಎಷ್ಟೋ ಹೊತ್ತಿನ ಮೇಲೆ, ತಿರುಗದೆಯೇ ಕೇಳಿದಳು.

"ಆಮೇಲೆ ಎಷ್ಟೆತ್ತರ ಬಂದ್ವು?"

ಅಪ್ಪ ಎದ್ದು ನಿಂತು, ಮಂಚದಿಂದ ಮೇಲಕ್ಕೆ ಅಂಗೈ ಎತ್ತಿ ಹಿಡಿದು ಇಷ್ಟು ಎಂದು ತೋರಿಸಿದ. ಅವಳು ನೋಡಲಿಲ್ಲ. ಯಾವಾಗ ತಿರುಗುತ್ತಾಳೋ ಎಂದು ಕೈ ಇಳಿಸದೆ ಹಾಗೆಯೇ ನಿಂತ. ತೋಳು ನಡುಗತೊಡಗಿದಾಗ ಇನ್ನೊಂದು ಕೈಯಿಂದ ಅದನ್ನು ಹಿಡಿದುಕೊಂಡ.